ಮರದ ನಾಲ್ಕೂ ಬದಿ: ವೃಕ್ಷಾಧಿಕಾರಿ ಚೂಡಾಮಣಿಯವರೊಡನೆ ಇಪ್ಪತ್ತೊಂದು ವರ್ಷ

ಮೈಸೂರಿನಲ್ಲಿ ಮರಗಳನ್ನು ಪ್ರೀತಿಸುವವರಿಗೆ ಎಂದೂ ಬರವಿಲ್ಲ. ಸಾಲುಮರಗಳ ನೆರಳಿನಲ್ಲಿ ಬೆಳಗಿನ ನಡಿಗೆ ಮುಗಿಸಿ, ಕಾಫಿ ಕುಡಿಯುತ್ತ, ನಗರ ಹಾಳಾಗುತ್ತಿದೆಯೆಂದು ಮರುಗುವ ಸಹೃದಯರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಆದರೆ ಒಂದು ಮರವನ್ನು ಉಳಿಸುವುದು ಪ್ರೀತಿಯೊಂದರಿಂದಲೇ ಆಗುವ ಕೆಲಸವಲ್ಲ. ಅದಕ್ಕೆ ಅರ್ಜಿ ಬೇಕು, ಸ್ಥಳ ಪರಿಶೀಲನೆ ಬೇಕು, ಅಳತೆ, ಅಹವಾಲು, ಕಾರಣಸಹಿತವಾದ ಆದೇಶ, ಆ ಆದೇಶದ ಕೆಳಗೊಂದು ಸಹಿ, ಆ ಸಹಿಯ ಹಿಂದೆ ಅಲುಗಾಡದೆ ನಿಲ್ಲಬಲ್ಲ ಒಬ್ಬ ಮನುಷ್ಯ, ಇಷ್ಟೂ ಬೇಕು. ವೃಕ್ಷ ಸಂರಕ್ಷಣೆಯ ಕಾಯಿದೆಯನ್ನು ಕಪಾಟಿನ ಪುಸ್ತಕವಾಗಿ ಬಲ್ಲವರು ನಮ್ಮ ಇಲಾಖೆಯಲ್ಲಿ ಹಲವರಿದ್ದರು. ಅದನ್ನು ಬೀದಿಯ ನೆರಳಾಗಿ ಬಲ್ಲವರು ವಿರಳ. ಅಂಥ ವಿರಳರ ಸಾಲಿನಲ್ಲಿ ನಾನು ಮೊದಲಿಗೆ ಹೇಳುವ ಹೆಸರು ಶ್ರೀಮತಿ ಎ. ಚೂಡಾಮಣಿಯವರದು. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಕಳೆದ ಮೇ ತಿಂಗಳ ಕೊನೆಯ ದಿನ ಅವರು ನಿವೃತ್ತರಾದರು.

ಈ ಅಭಿನಂದನ ಗ್ರಂಥದ ಸಂಪಾದಕರು ನನ್ನಲ್ಲಿ ಲೇಖನ ಕೇಳಿದಾಗ ನಾನು ಹದಿನೈದು ದಿನ ಉತ್ತರ ಕೊಡಲಿಲ್ಲ. ಚೂಡಾಮಣಿಯವರ ಗುಣಗಳನ್ನು ಹೇಳಬಲ್ಲವರು ಬಹಳ ಮಂದಿ ಇದ್ದಾರೆ. ಆದರೆ ಅವರಿಗೆ ಲಿಖಿತವಾಗಿ ಅನ್ಯಾಯ ಮಾಡಿದವನು ನಾನೊಬ್ಬನೇ. ಅಭಿನಂದನ ಗ್ರಂಥವು ತಪ್ಪೊಪ್ಪಿಗೆಯ ಸ್ಥಳವಲ್ಲವೆಂದು ಬಲ್ಲೆ; ಆದರೂ ಆ ಸಂಗತಿಯನ್ನು ಮರೆಮಾಚಿ ಬರೆದರೆ ಅವರ ಸ್ವಭಾವದ ಅರ್ಧ ಭಾಗವನ್ನೇ ಓದುಗರ ಮುಂದಿಟ್ಟಂತಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಹೇಳಲು ಅಪ್ಪಣೆ ಕೋರುತ್ತೇನೆ.

ಚೂಡಾಮಣಿಯವರದು ವಿದ್ಯೆಯನ್ನೇ ಆಸ್ತಿಯೆಂದು ನಂಬಿದ ಮನೆತನ. ಅಜ್ಜ ಅರಮನೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ತಂದೆ ಸಂಸ್ಕೃತದ ಅಧ್ಯಾಪಕರು. ಮಗಳು ಸಸ್ಯಶಾಸ್ತ್ರದಲ್ಲಿ ಪದವಿ ಪಡೆದು, ಸಂಜೆ ಕಾಲೇಜಿನಲ್ಲಿ ಕಾನೂನು ಓದುತ್ತಿದ್ದಾಗಲೇ, ೧೯೯೧ರಲ್ಲಿ, ನಗರ ಯೋಜನೆಯ ನಮ್ಮ ಕಚೇರಿಯಲ್ಲಿ ದ್ವಿತೀಯ ದರ್ಜೆ ಗುಮಾಸ್ತೆಯಾಗಿ ಸೇರಿದರು. ಕೊಟ್ಟ ಕೆಲಸ ಟಪಾಲು ವಿಭಾಗದ್ದು: ಬಂದ ಕಾಗದ ಒಡೆಯುವುದು, ಮೊಹರು ಒತ್ತುವುದು, ಸಂಬಂಧಪಟ್ಟ ಮೇಜಿಗೆ ಕಳಿಸುವುದು. ಹೀಗೆ ಕಾಗದ ಒಡೆಯುತ್ತಿದ್ದಾಗ ಅವರ ಕಣ್ಣಿಗೆ ಒಂದು ವಿಷಯ ಬಿತ್ತು. ಮರ ಕಡಿಯಲು ಅನುಮತಿ ಕೋರಿದ ಅರ್ಜಿ ಸೋಮವಾರ ಬಂದರೆ ಬುಧವಾರ ಅನುಮತಿ ಹೊರಡುತ್ತಿತ್ತು. ನಡುವಿನ ಮಂಗಳವಾರ ಯಾರಾದರೂ ಆ ಮರದ ಹತ್ತಿರ ಹೋಗಿಬಂದ ಗುರುತು ಕಡತದಲ್ಲಿ ಎಲ್ಲೂ ಇರುತ್ತಿರಲಿಲ್ಲ. ಅಧಿಕಾರಿ ಖುದ್ದಾಗಿ ಮರವನ್ನು ಪರಿಶೀಲಿಸದೆ ಅನುಮತಿ ಕೊಡುವಂತಿಲ್ಲವೆಂದು ಅವರು ಒಂದು ಪುಟದ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದರು.

ಆಗಿನ ಸೂಪರಿಂಟೆಂಡೆಂಟರು ಕರೆದು, "ನೀನು ಟಪಾಲು ನೋಡ್ಕೊಳಮ್ಮ. ಮರ ನೋಡೋಕೆ ಬೇರೆಯೋರಿದ್ದಾರೆ" ಎಂದರಂತೆ.

"ಇದ್ದಾರೆ ಸರ್. ಹೋಗಿಲ್ಲ" ಎಂದು ಇಪ್ಪತ್ತಾರು ವರ್ಷದ ಚೂಡಾಮಣಿ ಉತ್ತರಿಸಿದರಂತೆ.

ಈ ಉತ್ತರ ಕಚೇರಿಯಲ್ಲಿ ಬಹಳ ದಿನ ಬಾಯಿಂದ ಬಾಯಿಗೆ ಓಡಾಡಿತು. ಕೆಲವು ವರ್ಷಗಳ ನಂತರ ಅವರನ್ನು ವೃಕ್ಷ ಶಾಖೆಗೆ ಹಾಕಿದ್ದು ಬಡ್ತಿಯಿಂದಲ್ಲ, ಬುದ್ಧಿ ಕಲಿಸುವುದಕ್ಕೆ. ಸೈಕಲ್ ಸ್ಟ್ಯಾಂಡಿನ ಹಿಂದಿನ ಒಂದು ಕೊಠಡಿ, ಒಂದು ಮೇಜು, ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಒಂದು ಬೀರು. ಅದಕ್ಕೆ ಶಾಖೆ ಎಂದು ಹೆಸರು. ಬೇರೆಯವರಾಗಿದ್ದರೆ ಆರು ತಿಂಗಳಲ್ಲಿ ವರ್ಗಾವಣೆಗೆ ಓಡಾಡುತ್ತಿದ್ದರು. ಇವರು ಒಂದು ದಪ್ಪ ರಿಜಿಸ್ಟರ್ ತರಿಸಿ, ಮೊದಲ ಪುಟದಲ್ಲಿ ಒಂದು ಬೀದಿಯ ಹೆಸರು ಬರೆದು, ಮರಗಳನ್ನು ಎಣಿಸಲು ಹೊರಟರು. ಜಾತಿ, ಎದೆಯೆತ್ತರದಲ್ಲಿ ಕಾಂಡದ ಸುತ್ತಳತೆ, ಬೇರಿನ ಸ್ಥಿತಿ, ಹತ್ತಿರದ ಮನೆಯ ನಂಬರು, ಆ ಮನೆಯವರ ದೂರು. ಹೀಗೆ ಬೀದಿ ಬೀದಿ ಸುತ್ತಿ ಅವರು ತುಂಬಿಸಿದ ಹದಿನೇಳು ಸಂಪುಟಗಳೇ ಇಂದು ನಮ್ಮ ಗಣಕಯಂತ್ರದಲ್ಲಿರುವ ಮರಗಳ ಪಟ್ಟಿಗೆ ಮೂಲವೆಂಬುದನ್ನು ಈಗಿನ ಕಿರಿಯ ಸಿಬ್ಬಂದಿಗೆ ನೆನಪಿಸುವುದು ನನ್ನ ಕರ್ತವ್ಯ.

ನಾನು ಈ ಶಾಖೆಗೆ ಕ್ಷೇತ್ರ ಪರಿವೀಕ್ಷಕನಾಗಿ ಬಂದದ್ದು ೨೦೦೪ರಲ್ಲಿ. ನಮ್ಮದು ಹಿನಕಲ್. ಊರು ನಗರದ ಹೊಟ್ಟೆಗೆ ಸೇರುವ ಮುಂಚೆ ನಮ್ಮ ಮನೆಯವರು ಬೇಸಾಯಗಾರರು. ಮರವೆಂದರೆ ಸೌದೆ, ನೇಗಿಲು, ಬಾಗಿಲುವಾಡ ಎಂದಷ್ಟೇ ತಿಳಿದಿದ್ದ ನನಗೆ ಅದಕ್ಕೊಂದು ಕಡತವೂ ಇರುತ್ತದೆಂದು ಗೊತ್ತಿರಲಿಲ್ಲ. ಮೊದಲ ದಿನ ಮೇಡಂ ನನ್ನ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು, "ಮರ ಹತ್ತೋಕೆ ಬರುತ್ತಾ?" ಎಂದು ಕೇಳಿದರು.

"ತೆಂಗಿನಮರಾನೂ ಹತ್ತುತೀನಿ ಮೇಡಂ."

"ಹಾಗಾದ್ರೆ ನಮಗೆ ಬೇಕಾಗಿದ್ದೋರು ನೀವೇ."

ನನ್ನಲ್ಲಿದ್ದ ಒಂದು ಹಳ್ಳಿಯ ಚಳಕವನ್ನು ಅರ್ಹತೆಯೆಂದು ಎಣಿಸಿದ ಮೊದಲ ಅಧಿಕಾರಿ ಅವರು. ಆದೇಶ ಬರೆಯುವುದನ್ನು ಕಲಿಸಿದವರೂ ಅವರೇ. ನಾನು ಎಲ್ಲಿಂದಲೋ ನಕಲು ಮಾಡಿ, "ಸದರಿ ವೃಕ್ಷವು ಸದೃಢವಾಗಿರುವುದು ಕಂಡುಬಂದಿರುವ ಮೇರೆಗೆ" ಎಂದು ಶುರುಮಾಡಿದ ಕರಡನ್ನು ಓದಿ, ಕನ್ನಡಕ ತೆಗೆದು, "ಇದನ್ನ ಓದಿದ ಮೇಲೆ ಅರ್ಜಿ ಹಾಕಿದೋರಿಗೆ ಮರ ಗಟ್ಟಿಯಾಗಿದೆ ಅಂತ ತಿಳಿಯುತ್ತೋ, ನೀವು ಗಟ್ಟಿಯಾಗಿದ್ದೀರಿ ಅಂತ ತಿಳಿಯುತ್ತೋ?" ಎಂದರು. ಅಂದಿನಿಂದ ನಾನು 'ಮರ ಗಟ್ಟಿಯಾಗಿದೆ' ಎಂದೇ ಬರೆಯತೊಡಗಿದೆ. ನಮ್ಮ ತಂದೆ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ನನ್ನ ಪಾಲಿನ ಸ್ಥಳ ಪರಿಶೀಲನೆಗಳನ್ನೆಲ್ಲ ಅವರು ತಮ್ಮ ಸ್ಕೂಟರಿನಲ್ಲಿ ತಿರುಗಾಡಿ ಮಾಡಿದರು. ಮರಳಿ ಬಂದು ಕೃತಜ್ಞತೆ ಹೇಳಲು ಹೋದರೆ, ನನ್ನ ಹಳೆಯ ಅಳತೆಗಳಲ್ಲಿ ಮೂರು ತಪ್ಪುಗಳ ಪಟ್ಟಿಯನ್ನು ಕೈಗೆ ಕೊಟ್ಟು, "ಅಪ್ಪ ಹೇಗಿದ್ದಾರೆ?" ಎಂದು ಕೇಳಿದರು.

ಅವರಲ್ಲಿ ಕುಂದಿಲ್ಲವೆಂದು ನಾನು ಹೇಳುತ್ತಿಲ್ಲ. ನಿಧಾನ ಅವರ ಸ್ವಭಾವ. ಒಳಚರಂಡಿಗೆ ಬೇರು ನುಗ್ಗಿ ಮನೆಯೊಳಗೆ ಕೊಳಕು ನೀರು ಬರುತ್ತಿದ್ದ ಗೃಹಸ್ಥರೊಬ್ಬರು ಅವರ ಆದೇಶಕ್ಕಾಗಿ ಐದು ತಿಂಗಳು ಕಾದರು. ಮರದ ಪಕ್ಷವನ್ನು ಎರಡು ಸಲ ಕೇಳಿ ಮನುಷ್ಯರ ಪಕ್ಷವನ್ನು ಒಂದು ಸಲ ಕೇಳುತ್ತಾರೆಂಬ ಆಕ್ಷೇಪ ಅವರ ಮೇಲಿತ್ತು. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಮುಂದೆ ನಡೆದ ಘಟನೆಗೆ ಅದೂ ಒಂದಷ್ಟು ಕಾರಣವೆಂದು ಅವರೇ ಒಪ್ಪಿದ್ದಾರೆ.

೨೦೧೨ರ ನವೆಂಬರಿನಲ್ಲಿ ರಾಜೀವನಗರದಿಂದ ಚೆಲುವಮ್ಮ ಎಂಬುವರ ಅರ್ಜಿ ಬಂತು. ಮನೆಯಲ್ಲೇ ಊದುಬತ್ತಿ ಹೊಸೆದು ಬದುಕುತ್ತಿದ್ದ ಒಂಟಿ ಹೆಂಗಸು. ಮನೆಗೆ ತಾಗಿದಂತೆ ಒಂದು ದೊಡ್ಡ ಗುಲ್‌ಮೊಹರ್ ಮರವಿದೆ, ಗಾಳಿ ಬಂದಾಗ ಒಳಗಿನಿಂದ ಕಿರುಗುಟ್ಟುತ್ತದೆ, ಭಯವಾಗುತ್ತದೆ, ಕಡಿಸಿಕೊಡಿ ಎಂಬುದು ಅರ್ಜಿ. ಪರಿಶೀಲನೆಗೆ ಹೋದವನು ನಾನು. ಅಂದು ಮಧ್ಯಾಹ್ನ ಹಿನಕಲ್‌ನಲ್ಲಿ ನೆಂಟರ ಮನೆಯ ಊಟವಿತ್ತು, ಹೊತ್ತಾಗಿತ್ತು. ಬೀದಿಯ ಕಡೆಯಿಂದ ಕಾಂಡವನ್ನು ನೋಡಿದೆ, ಸೊಗಸಾಗಿತ್ತು. ಚೆಲುವಮ್ಮ ಬಾಗಿಲಿಗೆ ಬಂದು, "ಹಿಂದ್ಗಡೆ ಬಂದು ನೋಡಿ ಸಾ, ಅಡುಗೆಮನೆ ಕಿಟಕಿಯಿಂದ ಚೆನ್ನಾಗಿ ಕಾಣ್ತದೆ" ಎಂದರು. "ಎಲ್ಲಾ ನೋಡಿದ್ದೀನಿ ಕಣಮ್ಮ" ಎಂದು ನಾನು ಹೊರಟುಬಿಟ್ಟೆ. 'ಮರ ಗಟ್ಟಿಯಾಗಿದೆ' ಎಂದು ವರದಿ ಬರೆದೆ. ಮೇಡಂ ಅದನ್ನು ನಂಬಿ ಅರ್ಜಿಯನ್ನು ತಿರಸ್ಕರಿಸಿ ಸಹಿ ಹಾಕಿದರು.

ಮುಂದಿನ ಏಪ್ರಿಲ್‌ನಲ್ಲಿ, ಗಾಳಿಯೊಡನೆ ಬಂದ ಮೊದಲ ಮಳೆಯ ಮಧ್ಯಾಹ್ನ, ಆ ಮರದ ಹಿಂಬದಿಯ ದೊಡ್ಡ ಕೊಂಬೆ ಅಡುಗೆಮನೆಯ ಶೀಟಿನ ಮೇಲೆ ಮುರಿದುಬಿತ್ತು. ಚೆಲುವಮ್ಮನ ಬಲಗೈ ತೊಲೆಯ ಕೆಳಗೆ ಸಿಕ್ಕಿ ಮುರಿಯಿತು. ಜೀವ ಉಳಿಯಿತು. ಆದರೆ ಮೂರು ಬೆರಳುಗಳು ಮತ್ತೆ ಮಡಚಲಿಲ್ಲ. ಊದುಬತ್ತಿ ಹೊಸೆಯುವವರಿಗೆ ಬೆರಳು ಹೋದರೆ ಏನು ಹೋದಂತೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ವಿಚಾರಣೆ ಶುರುವಾಯಿತು. ಮೇಡಂ ಅವರನ್ನು ಕಂಡರಾಗದ ಹಿರಿಯ ಅಧಿಕಾರಿಯೊಬ್ಬರು ನನ್ನನ್ನು ಕೋಣೆಗೆ ಕರೆಸಿದರು. "ನೋಡಿ ಮಹದೇವು, ಆಕೆ ಹೇಗೂ ರೂಲು ರೂಲು ಅಂತ ಹಟ ಹಿಡಿಯೋರು. ನೀವು ಯಾಕೆ ಕೆಲಸ ಕಳ್ಕೋತೀರಿ? ಮರದ ಹಿಂದೆ ಬಿರುಕು ಇದೆ ಅಂತ ನಾನು ಬಾಯಲ್ಲಿ ಹೇಳಿದ್ದೆ, ಮೇಡಂ ವರದೀಲಿ ಬರೀಬೇಡಿ ಅಂದ್ರು ಅಂತ ಬರೆದುಬಿಡಿ, ಮುಗೀತು" ಎಂದರು. ನಾನು ಹೆದರಿದ್ದೆ. ಹೆದರಿಕೆಯನ್ನು ನೆಪವಾಗಿ ಹೇಳುತ್ತಿಲ್ಲ. ಹೆದರಿದವರೆಲ್ಲ ಸುಳ್ಳು ಬರೆಯುವುದಿಲ್ಲ. ನಾನು ಬರೆದೆ. ಅದೂ ಮೇಡಂ ಕಲಿಸಿಕೊಟ್ಟ ತಿಳಿಯಾದ ಕನ್ನಡದಲ್ಲಿ, ಯಾರು ಓದಿದರೂ ಅನುಮಾನ ಬರದ ಹಾಗೆ ಬರೆದೆ. ಆಸ್ಪತ್ರೆಯಲ್ಲಿದ್ದ ಚೆಲುವಮ್ಮನನ್ನು ವಿಚಾರಣೆಯವರು ಏನೂ ಕೇಳಲಿಲ್ಲ.

ನನ್ನ ಹೇಳಿಕೆಯ ಪ್ರತಿಯನ್ನು ಮೇಡಂ ಅವರಿಗೆ ಕೊಟ್ಟು ಉತ್ತರ ಕೇಳಲಾಯಿತು. ಅವರ ಉತ್ತರ ನಾಲ್ಕು ಸಾಲಿನದು: "ಆದೇಶಕ್ಕೆ ಸಹಿ ಹಾಕಿದವಳು ನಾನು. ವರದಿಯಲ್ಲಿ ಮರದ ಒಂದೇ ಬದಿಯ ವಿವರವಿತ್ತು. ನಾಲ್ಕೂ ಬದಿ ನೋಡಿ ಬರುವಂತೆ ಮತ್ತೊಮ್ಮೆ ಕಳಿಸದೆ ಸಹಿ ಹಾಕಿದ್ದು ನನ್ನ ತಪ್ಪು. ಇತರರ ಹೇಳಿಕೆಯ ಬಗ್ಗೆ ನಾನು ಏನನ್ನೂ ಹೇಳಬಯಸುವುದಿಲ್ಲ."

ಅವರ ವಾರ್ಷಿಕ ವೇತನ ಬಡ್ತಿಗಳನ್ನು ತಡೆಹಿಡಿದು, ನೆಲಮಾಳಿಗೆಯ ಹಳೆಯ ದಾಖಲೆಗಳ ಕೊಠಡಿಗೆ ಕಳಿಸಿದರು. ಶಾಖೆಯ ಪ್ರಭಾರ ನನಗೆ ಬಂತು. ಮೆಟ್ಟಿಲ ಬಳಿ ಎದುರಾದರೆ ಅವರು ತಲೆ ತಗ್ಗಿಸುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ತಲೆ ತಗ್ಗಿಸುತ್ತಿದ್ದವನು ನಾನು.

ಹೀಗೆ ಎರಡು ವರ್ಷ ಎಂಟು ತಿಂಗಳು ಕಳೆಯಿತು. ೨೦೧೫ರ ಕೊನೆಯಲ್ಲಿ ಹಿನಕಲ್‌ನ ಒಂದು ರಸ್ತೆಯನ್ನು ಅಗಲ ಮಾಡುವ ಯೋಜನೆ ನನ್ನ ಮೇಜಿಗೆ ಬಂತು. ನಾನೇ ಆಡಿ ಬೆಳೆದ ರಸ್ತೆ. ನಾನು ಎಣಿಸಿದಾಗ ಕಡಿಯಬೇಕಾದ ಮರಗಳು ಅರವತ್ತಮೂರು: ಹುಣಸೆ, ಬೇವು, ಹೊಂಗೆ, ಎರಡು ಆಲ. ಆದರೆ ಬಂದ ಪಟ್ಟಿಯಲ್ಲಿ ನಲವತ್ತೆಂಟು ಮಾತ್ರ ಇದ್ದವು. ಕಾರಣ ಸರಳ. ಸಂಖ್ಯೆ ಐವತ್ತು ದಾಟಿದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಜನರ ಅಹವಾಲು ಕೇಳಲೇಬೇಕು; ದಾಟದಿದ್ದರೆ ನನ್ನ ಒಂದು ಸಹಿ ಸಾಕು. ಹಿಂದೆ ನನ್ನಿಂದ ಸುಳ್ಳು ಬರೆಸಿದ್ದ ಅದೇ ಅಧಿಕಾರಿ, "ಇನ್ನು ಹದಿನೈದು ಗಿಡ, ಮರ ಅಲ್ಲ ಅಂತ ಬರೀರಿ. ನಿಮಗೆ ಅಭ್ಯಾಸ ಇದೆಯಲ್ಲ" ಎಂದು ನಕ್ಕರು.

ಆ ನಗು ನನ್ನನ್ನು ಇರಿಯಿತು. ಒಮ್ಮೆ ಸುಳ್ಳು ಬರೆದವನ ಕೈ ಇನ್ನೊಬ್ಬರ ಕೈಯಲ್ಲಿ ಲೇಖನಿಯಾಗಿಬಿಡುತ್ತದೆಂದು ನನಗೆ ಅಂದು ತಿಳಿಯಿತು. ಮುಂದಿನ ಭಾನುವಾರ ಬೆಳಿಗ್ಗೆ ಗೋಕುಲಂನ ಅವರ ಮನೆಗೆ ಹೋದೆ. ಮೇಡಂ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾನು ನಿಂತೇ ಇದ್ದೆ.

"ಮೇಡಂ, ನಾನು ಅವತ್ತು ಮರದ ಹಿಂದೆ ಹೋಗಿರಲಿಲ್ಲ. ಬಿರುಕು ನೋಡೂ ಇರಲಿಲ್ಲ, ನಿಮಗೆ ಹೇಳೂ ಇರಲಿಲ್ಲ."

"ಗೊತ್ತು."

"ಯಾವಾಗಿಂದ?"

"ನಾನು ಆಸ್ಪತ್ರೆಗೆ ಹೋದ ದಿನದಿಂದ. ಚೆಲುವಮ್ಮ ಹೇಳಿದ್ರು."

"ಮತ್ತೆ ಯಾಕೆ ಮೇಡಂ ವಿಚಾರಣೇಲಿ ಹೇಳ್ಲಿಲ್ಲ?"

ಅವರು ಸುಲಿಯುವುದನ್ನು ನಿಲ್ಲಿಸಿದರು. "ನನಗೆ ತುಂಬ ಕೋಪ ಬಂದಿತ್ತು ಮಹದೇವು. ನಾನೇನು ದೇವತೆ ಅಲ್ಲ. ಎರಡು ವರ್ಷ ನಿಮ್ಮ ಮುಖ ನೋಡೋಕೆ ಮನಸ್ಸಿರಲಿಲ್ಲ. ಆದ್ರೆ ನಾನು ಬಾಯಿ ಬಿಟ್ಟಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಈ ಊರಲ್ಲಿ ಮರ ಹತ್ತಿ ನೋಡೋ ಪರಿವೀಕ್ಷಕ ಇನ್ನೊಬ್ಬ ಇರಲಿಲ್ಲ. ಸಹಿ ನಂದೇ ತಾನೆ, ನಾನೇ ಹೊತ್ಕೋತೀನಿ ಅಂದ್ಕೊಂಡೆ." ಕೈಗೆ ಇನ್ನೊಂದು ಕಾಯಿ ತೆಗೆದುಕೊಂಡು ಮತ್ತೆ ಹೇಳಿದರು: "ಅದು ದೊಡ್ಡತನ ಅಂತ ಆಗ ಅನ್ನಿಸಿತ್ತು. ಈಗ ಅನ್ನಿಸಲ್ಲ. ಏನಾಯ್ತು ಅನ್ನೋ ನಿಜ ಚೆಲುವಮ್ಮನಿಗೆ ಸಲ್ಲಬೇಕಾಗಿತ್ತು. ನಾವಿಬ್ರೂ ಸೇರಿ ಅದನ್ನ ಮುಚ್ಚಿಟ್ವಿ. ಮೊದಲು ಅಲ್ಲಿಗೆ ಹೋಗಿ. ಕಚೇರಿ ಆಮೇಲೆ."

ಅಷ್ಟು ಹೇಳಿ, ಇನ್ನೊಂದು ಮೊರ ತಂದು ಅರ್ಧ ಕಾಯಿಯನ್ನು ನನ್ನ ಮುಂದೆ ಸುರಿದರು. ಇಬ್ಬರೂ ಸುಲಿದು ಮುಗಿಸಿದ ಮೇಲೆ ನಾನು ರಾಜೀವನಗರಕ್ಕೆ ಹೋದೆ.

ಚೆಲುವಮ್ಮ ಎಡಗೈಯಲ್ಲಿ ಊದುಬತ್ತಿಗಳನ್ನು ಎಣಿಸಿ ಕಟ್ಟು ಕಟ್ಟುತ್ತಿದ್ದರು. ಹೊಸೆಯುವ ಕೆಲಸ ಹೋಗಿ ಈಗ ಕಟ್ಟುವ ಕೆಲಸ ಮಾತ್ರ ಉಳಿದಿತ್ತು. ಅದನ್ನು ಕೊಡಿಸಿದವರು ಮೇಡಂ ಎಂಬುದು, ಪ್ರತಿ ತಿಂಗಳ ಎರಡನೆಯ ಶನಿವಾರ ಅವರು ತಪ್ಪದೆ ಬಂದು ಹೋಗುತ್ತಾರೆಂಬುದು ನನಗೆ ಅಲ್ಲೇ ತಿಳಿದದ್ದು. ನಾನು ಹೇಳಬೇಕಾದ್ದನ್ನು ಹೇಗೋ ಹೇಳಿ ಮುಗಿಸಿದೆ. ಆಕೆ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ನಂಗೊತ್ತಿಲ್ವಾ ಸಾ? ಅವತ್ತು ನೀವು ಬೈಕೇ ಆಫ್ ಮಾಡಿರ್ನಿಲ್ಲ."

ಆಕೆ ಗೋಡೆ ಹಿಡಿದು ಎದ್ದರು.

"ನನ್ ಕೈ ಮುರ್ದಿದ್ದಕ್ಕಿಂತ, ನಾನು ಕೂಗಿ ಕರೆದ್ರೂ ಒಬ್ಬ ಮನ್ಸ ಹಿಂದ್ಗಡೆ ಬರ್ನಿಲ್ವಲ್ಲ ಅನ್ನೋದೇ ಹೊಟ್ಟೆ ಉರಿಸ್ತಿತ್ತು. ಈಗ್ಲಾದ್ರೂ ಬಂದ್ರಲ್ಲ. ಬನ್ನಿ, ನೋಡ್ಬುಡಿ."

ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಿಟಕಿ ತೆಗೆದರು. ಮರವನ್ನು ಆಗಲೇ ಕಡಿದಿದ್ದರು. ಬುಡ ಮಾತ್ರ ಉಳಿದಿತ್ತು. ಅದರ ಅಡುಗೆಮನೆಯ ಕಡೆಯ ಬಿರುಕಿನಲ್ಲಿ ಒಂದು ಬಿಂದಿಗೆ ಹಿಡಿಸುವಷ್ಟು ಟೊಳ್ಳು ಬಾಯಿ ತೆರೆದುಕೊಂಡಿತ್ತು. ಮೂರು ವರ್ಷದ ಹಿಂದೆ ಹತ್ತು ಹೆಜ್ಜೆ ನಡೆದಿದ್ದರೆ ಕಾಣುತ್ತಿದ್ದುದನ್ನು ನಾನು ಅಂದು ಕಂಡೆ.

ಸೋಮವಾರ ನನ್ನ ಹಳೆಯ ಹೇಳಿಕೆ ಸುಳ್ಳೆಂದು ಲಿಖಿತವಾಗಿ ಕೊಟ್ಟೆ. ಜೊತೆಗೆ ಹಿನಕಲ್‌ನ ಪಟ್ಟಿಯಲ್ಲಿರಬೇಕಾದದ್ದು ಅರವತ್ತಮೂರು ಮರಗಳೆಂದೂ ಬರೆದೆ. ನನಗೆ ಛೀಮಾರಿಯಾಯಿತು, ಪ್ರಭಾರ ಹೋಯಿತು, ಬಡ್ತಿ ಮೂರು ವರ್ಷ ಮುಂದಕ್ಕೆ ಬಿತ್ತು. ಅಷ್ಟು ಆಗಲೇಬೇಕಿತ್ತು. ಕೆಲಸದಿಂದ ತೆಗೆಯುವ ಮಾತೂ ಬಂದಿತ್ತು. ಆಗ ಮೇಡಂ, ನನ್ನನ್ನು ಸಮರ್ಥಿಸಿ ಅಲ್ಲ, ನಾನು ಹನ್ನೊಂದು ವರ್ಷಗಳಲ್ಲಿ ಹತ್ತಿ ಪರಿಶೀಲಿಸಿದ ಮರಗಳ ವಿವರವನ್ನಷ್ಟೇ ಬರೆದು ಕಳಿಸಿದರಂತೆ. ಎರಡು ತಿಂಗಳಲ್ಲಿ ಅವರು ನೆಲಮಾಳಿಗೆಯಿಂದ ಮೇಲೆ ಬಂದು ವೃಕ್ಷಾಧಿಕಾರಿಯಾಗಿ ಅಧಿಕಾರ ವಹಿಸಿಕೊಂಡರು.

ಹಿನಕಲ್‌ನ ಅಹವಾಲು ಸಭೆ ಊರಿನ ಶಾಲೆಯ ಅಂಗಳದಲ್ಲಿ ನಡೆಯಿತು. ನನ್ನ ದೊಡ್ಡಪ್ಪನೇ ಎದ್ದು ನಿಂತು, "ಮಹದೇವ, ಊರ್ಗೆ ಒಂದ್ ರೋಡ್ ಬತ್ತದೆ ಅಂದ್ರೆ ನಮ್ಮೋನಾಗಿ ನೀನೇ ಅಡ್ಡ ಬಂದ್ಬುಟ್ಟೆಯಲ್ಲೋ!" ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಮೇಡಂ ದೊಡ್ಡಪ್ಪನನ್ನು ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿ, "ರಸ್ತೆ ಯಾಕೆ ಬೇಕು ಅಂತ ನೀವೇ ಹೇಳಿ, ನಾನು ಬರ್ಕೋತೀನಿ" ಎಂದರು. ಬಸ್ಸಿಗೆ ಸಿಕ್ಕಿದ ಶಾಲೆಯ ಮಗುವಿನ ಸಂಗತಿಯನ್ನು ದೊಡ್ಡಪ್ಪ ಹೇಳಿದರು. ಹುಣಸೆಯ ಕೆಳಗೆ ತರಕಾರಿ ಮಾರುವ ಹೆಂಗಸರು ತಮ್ಮ ಮಾತು ಹೇಳಿದರು. ಮರದ ಪಕ್ಷ ಎರಡು ಸಲ, ಮನುಷ್ಯರ ಪಕ್ಷ ಒಂದು ಸಲ ಎಂಬ ಹಳೆಯ ಆಕ್ಷೇಪಕ್ಕೆ ಅಂದು ಅವಕಾಶವಿರಲಿಲ್ಲ. ನೆಲಮಾಳಿಗೆಯ ವರ್ಷಗಳು ಅವರನ್ನು ಬದಲಿಸಿದ್ದವು. ಬೆಳಿಗ್ಗೆ ಶುರುವಾದ ಸಭೆ ಸಂಜೆಯವರೆಗೂ ನಡೆದು, ಎಪ್ಪತ್ತಕ್ಕೂ ಹೆಚ್ಚು ಜನರ ಮಾತು ಅವರವರ ಮಾತಿನಲ್ಲೇ ಕಾಗದಕ್ಕೆ ಬಂತು. ಅನಂತರ ಮೇಡಂ ಎಂಜಿನಿಯರರನ್ನು ಕರೆದುಕೊಂಡು ರಸ್ತೆಯುದ್ದಕ್ಕೂ ನಡೆದರು. ಒಂದು ಕಡೆಗೆ ಎರಡು ಮೀಟರ್ ಸರಿಸಿದರೆ ರಸ್ತೆಯೂ ಅಗಲವಾಗುತ್ತದೆ, ಸಾಲೂ ಉಳಿಯುತ್ತದೆ ಎಂದು ತೋರಿಸಿದರು. ಕೊನೆಗೆ ಇಪ್ಪತ್ತೆರಡು ಮರಗಳು ಹೋದವು, ನಲವತ್ತೊಂದು ಉಳಿದವು. ಹೋದವುಗಳಲ್ಲಿ ಒಂದು ಆಲವೂ ಇತ್ತು. ದೊಡ್ಡಪ್ಪನಿಗೆ ರಸ್ತೆಯ ತಿರುವಿನ ಬಗ್ಗೆ ಇಂದಿಗೂ ಸಮಾಧಾನವಿಲ್ಲ. ಎಲ್ಲರನ್ನೂ ಮೆಚ್ಚಿಸುವ ಆದೇಶವನ್ನು ಮೇಡಂ ಬರೆದದ್ದು ನನಗೆ ನೆನಪಿಲ್ಲ.

ಆ ವರ್ಷದಿಂದ ನಮ್ಮ ಶಾಖೆಯಲ್ಲಿ ಎರಡು ನಿಯಮಗಳು ಜಾರಿಗೆ ಬಂದವು. ಪರಿಶೀಲನೆ ಅರ್ಜಿದಾರರ ಎದುರಿನಲ್ಲೇ ಆಗಬೇಕು. ಅರ್ಜಿದಾರರು ತೋರಿಸಿದ ಬದಿಯನ್ನು ನೋಡಿದ್ದಾಗಿ ಅವರ ಸಹಿ ಅಥವಾ ಹೆಬ್ಬೆಟ್ಟು ವರದಿಯಲ್ಲಿ ಇರಬೇಕು. ಹೊಸದಾಗಿ ಬಂದ ಪರಿವೀಕ್ಷಕರಿಗೆ ಮೊದಲ ಪಾಠ ಹೇಳಲು ಮೇಡಂ ವರ್ಷಕ್ಕೊಮ್ಮೆ ಚೆಲುವಮ್ಮನನ್ನು ಕರೆಸುತ್ತಿದ್ದರು. ಅಲ್ಲಿ ನಾನೂ ಕೂರುತ್ತಿದ್ದೆ. ಚೆಲುವಮ್ಮ ನನ್ನ ಹೆಸರು ಹೇಳದೆ ಕಥೆ ಹೇಳುತ್ತಿದ್ದರು. ಮುಗಿದ ಮೇಲೆ ಎದ್ದು ನಿಂತು, ಆ ಪರಿವೀಕ್ಷಕ ನಾನೇ ಎಂದು ನಾನು ಹೇಳುತ್ತಿದ್ದೆ.

ಅವರ ಸೇವೆಯ ಕೊನೆಯ ತಿಂಗಳುಗಳ ಒಂದು ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ. ಗೋಕುಲಂನಲ್ಲಿ ಮೇಡಂ ಅವರ ಮನೆಯ ಮುಂದೆ ಅವರ ತಂದೆ ನೆಟ್ಟ ಆಕಾಶಮಲ್ಲಿಗೆಯ ಮರವೊಂದಿತ್ತು. ಅದರ ಕೊಂಬೆಗಳು ತಮ್ಮ ಮನೆಯ ಮೇಲೆ ಚಾಚಿವೆ, ಮಹಡಿಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರು ಬಾಡಿಗೆಗಿದ್ದಾರೆ, ಅಪಾಯವಾದೀತು ಎಂದು ಪಕ್ಕದ ಮನೆಯ ಅನಂತಪದ್ಮನಾಭರು ಅರ್ಜಿ ಕೊಟ್ಟರು. ಮೇಡಂ ಆ ಕಡತವನ್ನು ತೆರೆಯಲೇ ಇಲ್ಲ. ಮರ ತಮ್ಮ ಮನೆಯದಾದ್ದರಿಂದ ಬೇರೊಬ್ಬರನ್ನು ನೇಮಿಸಬೇಕೆಂದು ಮೇಲಕ್ಕೆ ಬರೆದರು. ಪೂರ್ವ ವಲಯದ ಸಹಾಯಕ ವೃಕ್ಷಾಧಿಕಾರಿಯಾಗಿದ್ದ ನನಗೆ ಅದು ಬಂತು. ಅವರ ಶಿಷ್ಯನಾದ ನಾನು ನೋಡುವುದು ಸರಿಯೇ ಎಂದು ಅನಂತಪದ್ಮನಾಭರನ್ನೇ ಕೇಳಿದೆ. "ನೀವೇ ನೋಡಿ, ಪರವಾಗಿಲ್ಲ. ಆಕೆಗೆ ಬೇಜಾರಾಗುತ್ತೆ ಅಂತ ಮಾತ್ರ ಬರೀಬೇಡಿ, ಮರ ಹೇಗಿದೆಯೋ ಹಾಗೆ ಬರೀರಿ" ಎಂದರು ಆ ಹಿರಿಯರು.

ಎರಡೂ ಮನೆಯವರ ಎದುರಿನಲ್ಲಿ ಮರ ಹತ್ತಿದೆ. ಕೊಡತಿಯಿಂದ ಬುಡದಿಂದ ಮೇಲಿನವರೆಗೂ ತಟ್ಟುತ್ತ ಹೋದೆ. ಮೂರಾಳೆತ್ತರದಲ್ಲಿ ಶಬ್ದ ಬದಲಾಯಿತು. ಒಳಗೆ ತಿರುಳೇ ಇರಲಿಲ್ಲ. ಕೆಳಗೆ ನಿಂತಿದ್ದ ಮೇಡಂ ನನ್ನ ಮುಖವನ್ನು ನೋಡಲಿಲ್ಲ, ಶಬ್ದವನ್ನಷ್ಟೇ ಕೇಳುತ್ತಿದ್ದರು. ಅವರಿಗೂ ತಿಳಿಯಿತೆಂದು ನನಗೆ ತಿಳಿಯಿತು.

ಕಡಿಯಲು ಅನುಮತಿ ಕೊಟ್ಟು ಆದೇಶ ಬರೆದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಬರೆದ ಒಂದೂವರೆ ಪುಟ ಇನ್ನೊಂದಿಲ್ಲ. ಮೇಲ್ಮನವಿಗೆ ಅವಕಾಶವಿತ್ತು, ಅವರು ಹಾಕಲಿಲ್ಲ. ಮರ ಕಡಿದ ಗುರುವಾರ ಅರ್ಧ ದಿನ ರಜೆ ಹಾಕಿ, ತಲೆಗೆ ಸೆರಗು ಹೊದ್ದು, ಕೊನೆಯ ಕೊಂಬೆ ಕೆಳಗಿಳಿಯುವವರೆಗೂ ಬೀದಿಯಲ್ಲಿ ನಿಂತರು. ಅನಂತಪದ್ಮನಾಭರು ಒಳಗಿನಿಂದ ಕುರ್ಚಿ ತಂದುಕೊಟ್ಟರೂ ಕೂರಲಿಲ್ಲ. ಎಲ್ಲ ಮುಗಿದು ಗಾಡಿ ಹೊರಟ ಮೇಲೆ ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು, ದನಿ ಎಂದಿನಂತೆಯೇ ಇತ್ತು.

"ಮಹದೇವು, ನಿಮ್ಮ ಆದೇಶದಲ್ಲಿ ಒಂದು ತಪ್ಪಿದೆ."

"ಏನು ಮೇಡಂ?"

"ಇದರ ಬದಲಿಗೆ ಏನು ನೆಡಬೇಕು, ಎಷ್ಟು ದಿನದೊಳಗೆ ನೆಡಬೇಕು ಅಂತ ಬರೆದೇ ಇಲ್ಲ."

ನಿಜವಾಗಿತ್ತು. ಸಂಕಟದಲ್ಲಿ ಆ ಸಾಲೇ ನನಗೆ ಮರೆತುಹೋಗಿತ್ತು. ಮರುದಿನ ತಿದ್ದುಪಡಿ ಆದೇಶ ಹೊರಡಿಸಿದೆ: ಒಂದು ಹೊಂಗೆ, ಅರವತ್ತು ದಿನದೊಳಗೆ. ಅವರು ನಿವೃತ್ತರಾದ ಮರುವಾರ, ಜೂನ್ ತಿಂಗಳ ಮೊದಲ ಮಳೆ ಬಿದ್ದ ದಿನ, ಅವರೂ ಅನಂತಪದ್ಮನಾಭರೂ ಸೇರಿ ಎರಡು ಮನೆಗಳ ನಡುವಿನ ಜಾಗದಲ್ಲಿ ಆ ಸಸಿಯನ್ನು ನೆಟ್ಟರು. ನೆಟ್ಟ ಫೋಟೋದೊಡನೆ ಪಾಲನಾ ವರದಿಯೂ ನನ್ನ ಕಚೇರಿಗೆ ಬಂತು. ನಾನು ಸ್ಥಳಕ್ಕೆ ಹೋಗಿ, ಸುತ್ತಲೂ ನಡೆದು ನೋಡಿ, ಕಡತವನ್ನು ಮುಕ್ತಾಯಗೊಳಿಸಿದೆ.

ಈಗ ಮೇಡಂ ಮಂಗಳವಾರ ಮತ್ತು ಶುಕ್ರವಾರ ತಮ್ಮ ಬಡಾವಣೆಯ ವಾಚನಾಲಯದಲ್ಲಿ ಕುಳಿತು, ಮರ ಉಳಿಸಬೇಕೆನ್ನುವವರಿಗೂ ಕಡಿಸಬೇಕೆನ್ನುವವರಿಗೂ ಸಮನಾಗಿ ಅರ್ಜಿ ಬರೆದುಕೊಡುತ್ತಾರೆ. ವೃಕ್ಷ ಕಾಯಿದೆಯನ್ನು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕವಾಗಿ ಬರೆಯುತ್ತಿದ್ದಾರೆ. ಮೂರು ಅಧ್ಯಾಯಗಳು ಮುಗಿದಿವೆ. ಆ ಕೆಲಸ ನಡೆಯಲಿ. ಹೊಂಗೆ ಒಬ್ಬರು ಕೂರುವಷ್ಟು ನೆರಳು ಕೊಡಲು ಎಂಟು ವರ್ಷ ಬೇಕು. ಇಬ್ಬರು ಕೂರಲು ಹನ್ನೆರಡು ವರ್ಷ. ಬೀದಿಯ ಮಕ್ಕಳೆಲ್ಲ ಸೇರಲು ಇಪ್ಪತ್ತೈದು ವರ್ಷ. ಶ್ರೀಮತಿ ಚೂಡಾಮಣಿಯವರಿಗೆ ಭಗವಂತ ಈ ಮೂರು ಲೆಕ್ಕವನ್ನೂ ದಾಟಿಸಿ ಆರೋಗ್ಯ ಕೊಡಲಿ, ಆ ಮಕ್ಕಳ ಗದ್ದಲದ ನಡುವೆ ಕುರ್ಚಿ ಹಾಕಿಕೊಂಡು ಅವರು ತಮ್ಮ ಪುಸ್ತಕದ ಹೊಸ ಮುದ್ರಣದ ಕರಡು ತಿದ್ದುತ್ತಿರುವುದನ್ನು ನೋಡುವ ಭಾಗ್ಯ ನನಗೂ ಇರಲಿ.